ಕಾರಿಗೆ ರಾಡಾರ್ ಇದ್ದರೂ ನಿಮಗೆ ನಿದ್ದೆ ಬೇಕು

ಮುಂದಿನ ವಾಹನ ನಿಧಾನವಾದರೆ ತಾನೂ ನಿಧಾನವಾಗುವ, ಅದು ದೂರ ಸರಿದರೆ ನೀವು ಗೊತ್ತುಪಡಿಸಿದ ವೇಗಕ್ಕೆ ಮರಳುವ ಕಾರುಗಳು ಈಗ ನಮ್ಮ ಹೆದ್ದಾರಿಗಳಲ್ಲೂ ಓಡುತ್ತಿವೆ. ‘ಅಡಾಪ್ಟಿವ್ ಕ್ರೂಸ್ ಕಂಟ್ರೋಲ್’ ಎಂಬ ಈ ಸೌಲಭ್ಯದಿಂದ ದೂರ ಪ್ರಯಾಣದಲ್ಲಿ ಬಲಗಾಲಿಗೆ ವಿಶ್ರಾಂತಿ ಸಿಗುವುದು ನಿಜ. ಆದರೆ ವಿಶ್ರಾಂತಿ ಕಾಲಿಗೇ ಹೊರತು ಕಣ್ಣಿಗಲ್ಲ, ಮಿದುಳಿಗಂತೂ ಅಲ್ಲ.

ಸುಮ್ಮನೆ ಕುಳಿತು ಕಾವಲು ಕಾಯುವುದು ಮಿದುಳಿಗೆ ಒಗ್ಗದ ಕೆಲಸ. ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಡಿಯಾರದಂಥ ಮುಳ್ಳನ್ನೇ ನೋಡುತ್ತ ಕುಳಿತವರ ಎಚ್ಚರ ಮೊದಲ ಅರ್ಧ ಗಂಟೆಯಲ್ಲೇ ಕುಗ್ಗಿತ್ತು. ಇನ್ನು ನಿದ್ದೆಗೆಟ್ಟವರ ಪಾಡೇನು? ಹದಿನೇಳು ಗಂಟೆ ಎದ್ದೇ ಇದ್ದವರ ಚುರುಕು, ರಕ್ತದಲ್ಲಿ ಶೇ 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ಚಾಲಕರಿಗೆ ನಮ್ಮ ಕಾನೂನು ಹಾಕಿರುವ ಮಿತಿ ಶೇ 0.03 ಮಾತ್ರ!

ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ದೀಪವಿಲ್ಲದೆ ನಿಂತ ಲಾರಿ, ಥಟ್ಟನೆ ಅಡ್ಡ ಬಂದ ಎಮ್ಮೆ ಯಂತ್ರದ ಕಣ್ಣಿಗೆ ಬೀಳದೇ ಹೋಗಬಹುದು. ಆಗ ಬ್ರೇಕ್ ಒತ್ತಬೇಕಾದವರು ನೀವೇ. ಕಾರು ಮಾರುವವರು ಈ ಮಾತನ್ನು ಬಾಯಿಬಿಟ್ಟು ಹೇಳಬೇಕು.

ಪ್ರಯಾಣದ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ನಿದ್ದೆ ಒತ್ತರಿಸಿ ಬರುವ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಚಾಲನೆ ಬೇಡ. ಪದೇ ಪದೇ ಆಕಳಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿ. ಜೋರಾಗಿ ಗೊರಕೆ ಹೊಡೆಯುವವರು, ಹಗಲಲ್ಲೂ ತೂಕಡಿಸುವವರು ವೈದ್ಯರನ್ನು ಕಾಣಲೇಬೇಕು. ನಿದ್ದೆಯ ಸಾಲವನ್ನು ಯಾವ ಯಂತ್ರವೂ ತೀರಿಸದು.