ಮಕ್ಕಳು ಅಂದ್ರ ಪೆನ್ಶನ್ ಅಲ್ಲ

ಅಕ್ಕಾರ, ವೈನ್ಯಾರ, ಹೋದ ಸಲ ಶೇಂಗಾ ಹೋಳಿಗಿ ಬಗ್ಗೆ ಬರದಿದ್ದೆ, ಎಲ್ಲಾರೂ ಚಲೋ ಆತು ಅಂದ್ರಿ. ಇವತ್ತ ಅಡಗಿ ಮಾತಿಲ್ಲ. ಇವತ್ತ ಜಗಳಾ ತೆಗದೇನಿ, ಅದೂ ನಿಮ್ಮ ಜೋಡಿನ. ಸಿಟ್ಟ ಬಂದ್ರ ಬರ್ಲಿ, ಪೂರಾ ಓದಿದ ಮ್ಯಾಲೆ ಬೈರಿ.

ಹೋದ ವಾರ ಬೈಲಹೊಂಗಲ ಪ್ಯಾಟ್ಯಾಗ ಔಷಧ ಅಂಗಡಿ ಮುಂದ ನಮ್ಮ ಚಿಗವ್ವ ನಿಂತಿದ್ಲು. ಅಕಿಗೆ ಈಗ 66. ಮೂವತ್ತೈದು ವರ್ಷ ಜಂಪರ್ ಹೊಲದಾಕಿ. ಚೀಟ್ಯಾಗ ಒಂದ ತಿಂಗಳ ಬಿಪಿ ಗುಳಿಗಿ ಬರದಿತ್ತು, ಅಕಿ ಹತ್ತ ದಿನದ್ದಷ್ಟ ಕೇಳಾಕತ್ತಿದ್ಲು. ನನ್ನ ನೋಡಿದಾಕಿನ ಚೀಟಿ ಮಡಚಿ ಸೆರಗಿನಾಗ ಇಟ್ಕೊಂಡ್ಲು. "ಉಳದದ್ದು ಆಮ್ಯಾಲೆ ತೊಗೊಂತೀನವ್ವಾ, ತಮ್ಮ ರೊಕ್ಕ ಕೊಟ್ಟ ಮ್ಯಾಲೆ" ಅಂದ್ಲು.

ತಮ್ಮ ಅಂದ್ರ ಅಕಿ ಮಗ. ಅಂವ ಕೆಟ್ಟಾಂವ ಅಲ್ಲ, ಅದನ್ನ ಮೊದಲ ಹೇಳ್ತೀನಿ. ಅವಂಗೂ ಎರಡ ಮಕ್ಕಳು, ಸಾಲೀ ಫೀ, ಟೆಂಪೋದ ಕಂತು. ಇಪ್ಪತ್ತನೇ ತಾರೀಖು ದಾಟಿದ್ರ ಅವನ ಕಿಸೇನೂ ಖಾಲಿ. ಆದ್ರ ಊರಾಗಿನ ಅರ್ಧಾ ಮದುವಿ ಜಂಪರ್ ಹೊಲದ ಕೈ ಈಗ ಮಗನ ಮುಂದ ಚಾಚಬೇಕಾಗೇತಿ. ಅಂವ ಸಿಟ್ಟಿಲ್ಲದನ "ಯಾಕ ಬೇಕವ್ವಾ?" ಅಂತ ಕೇಳ್ತಾನ. ಆ "ಯಾಕ" ಅನ್ನೂದು ಐತೆಲ್ಲಾ, ಅದು ಬಿಪಿ ಏರಸ್ತೈತಿ.

ಅಕಿ ದುಡದದ್ದು ಎಲ್ಲಿ ಹೋತು? ನಾ ಕುಂತು ಲೆಕ್ಕಾ ಕೇಳೇನಿ. ನಾಕು ಪಾಟ್ಲಿ ಮಾಡಿಸಿದ್ಲು, ಅವು ಮಗನ ಟೆಂಪೋಕ್ಕ ಹೋದ್ವು. ಭಿಶಿ ಹಾಕತಿದ್ಲು, ನಂಬರ ಬಂದಾಗೊಮ್ಮೆ ಮಗಳ ಬಾಣಂತನ, ಮನಿ ಮಾಳಗಿ, ಗಂಡನ ಆಪರೇಶನ್ ಅಂತ ಹೋತು. ಉಳದ ಮೂರು ಲಕ್ಷ ಒಂದು ಸೊಸೈಟಿಯೊಳಗ ಪಿಗ್ಮಿ ಮತ್ತ ಠೇವಣಿ. ಆ ಸೊಸೈಟಿ ಬಾಗಲಾ ಹಾಕ್ಕೊಂತು. ಯಾರೂ ಅಕಿ ಮನಿಗೆ ಬಂದು ಕಳವ ಮಾಡ್ಲಿಲ್ಲ. ಆದ್ರೂ ಅಕಿ ಹಂತೇಕ ಏನೂ ಉಳೀಲಿಲ್ಲ.

ಈಗ ನನ್ನ ಜಗಳಾ. ನಾವು ಹೆಣ್ಣಮಕ್ಕಳು ಮುಪ್ಪಿನ ರೊಕ್ಕದ ಬಗ್ಗೆ ನಾಕು ಮಾತು ಬಾಯಿಪಾಠ ಮಾಡೇವಿ. ನಾಕೂ ನನಗ ಒಪ್ಪಿಗಿ ಇಲ್ಲ.

ಮೊದಲನೇದು, "ನಾವೇನ್ ನೌಕರಿ ಮಾಡ್ತೇವೇನು, ನಮಗ್ಯಾತರ ಪೆನ್ಶನ್?" ಅಲ್ರೀ, ಸವದತ್ತಿ ಎಲ್ಲಮ್ಮನ ಗುಡ್ಡದಾಗ ಬಳಿ, ಕುಂಕುಮ-ಭಂಡಾರ ಮಾರೂ ನನ್ನ ಗೆಳತಿ ಭಾರತ ಹುಣ್ಣಿಮಿ ಜಾತ್ರ್ಯಾಗ ಹಗಲು-ರಾತ್ರಿ ನಿಲ್ತಾಳ. ರಾಮದುರ್ಗದಾಗ ನಮ್ಮ ನೆಗೆಣ್ಣಿ ತವರಮನ್ಯಾಗ ಮಗ್ಗದ ಮುಂದ ಕಣ್ಣ ಕಳಕೊಂಡಾರ. ಕಿತ್ತೂರ ಹೆದ್ದಾರಿ ಕಡೆ ಖಾನಾವಳಿ ನಡಸೂ ವೈನಿ ನಾಕು ಗಂಟೇಕ ಏಳ್ತಾರ. ನಾನು ದಿನಾ ನೂರೈವತ್ತ ರೊಟ್ಟಿ ಬಡೀತೀನಿ. ಇದು ಉದ್ಯೋಗ ಅಲ್ಲಂದ್ರ ಮತ್ತ್ಯಾವುದು? ನೌಕರದಾರಗ ಪಗಾರದಾಗ ಪಿಎಫ್ ಅಂತ ಮೊದಲ ಹಿಡಕೊಂಡು ಉಳದದ್ದು ಕೊಡ್ತಾರ. ನಮಗ ಹಿಡಕೊಳ್ಳಾವ್ರು ಯಾರೂ ಇಲ್ಲ. ಅದಕ್ಕ ನಮ್ಮ ಪಗಾರದಾಗ ನಾವ ಹಿಡಕೋಬೇಕು.

ಎರಡನೇದು, "ಮಕ್ಕಳ ನಮ್ಮ ಪೆನ್ಶನ್." ಮಕ್ಕಳು ನೋಡ್ಕೊಂಡ್ರ ಪುಣ್ಯ, ಸಂತೋಷ. ಆದ್ರ ಅವರು ದುಡಿಯೂ ಕಾಲಕ್ಕ ಅವರ ಮಕ್ಕಳೂ ಬೆಳೀತಿರ್ತಾವ. ಒಂದ ಪಗಾರದಾಗ ಮೊಮ್ಮಗನ ಫೀ ಕಟ್ಟಬೇಕೋ, ಅವ್ವನ ಗುಳಿಗಿ ತರಬೇಕೋ ಅನ್ನೂ ಜಗ್ಗಾಟಕ್ಕ ಅವರನ್ನ ಯಾಕ ತಳ್ಳಬೇಕು? ನಿಮ್ಮ ಹೆಸರಲೆ ತಿಂಗಳಾ ಏನರ ಬಂತಂದ್ರ ಮಕ್ಕಳ ಪ್ರೀತಿ ಕಡಿಮಿ ಆಗೂದಿಲ್ಲ, ಮಕ್ಕಳ ಸಂಕಟ ಕಡಿಮಿ ಆಗತೈತಿ.

ಮೂರನೇದು, "ಬಂಗಾರ ಇದ್ರ ಸಾಕು." ಬಂಗಾರದ ರೇಟು ಏರೇತಿ, ನಾ ಇಲ್ಲನ್ನೂದಿಲ್ಲ. ಕಷ್ಟಕಾಲಕ್ಕ ಒಂದೆರಡ ತೊಲಿ ಇರ್ಲಿ. ಆದ್ರ ಬಂಗಾರ ಮನ್ಯಾಗ ಎಲ್ಲಾರ ಕಣ್ಣಿಗೂ ಕಾಣತೈತಿ. ಟೆಂಪೋ ಬೇಕಂದ್ರ ಮೊದಲ ನೋಡೂದು ಅವ್ವನ ಕೈ. ಬೋರ್ ಹೊಡಸಬೇಕಂದ್ರ ಹೇಣ್ತಿ ಕೊಳ್ಳು. ಒತ್ತಿ ಇಟ್ಟದ್ದು ಬಿಡಿಸಿಕೊಂಡು ಬಂದವರನ್ನ ನೀವು ಎಷ್ಟ ಮಂದಿ ನೋಡೀರಿ? ಬೆರಳ ಮಡಚಿ ಎಣಸ್ರಿ.

ನಾಕನೇದು, "ಸೊಸೈಟ್ಯಾಗ ಬಡ್ಡಿ ಹೆಚ್ಚ, ಚೇರಮನ್ ನಮ್ಮವರ." ಇದರ ಮ್ಯಾಲೆ ನನಗ ಎಲ್ಲಾಕಿಂತ ಸಿಟ್ಟ. ಪಿಗ್ಮಿ ಅನ್ನೂದು ಚಲೋ ವಿಚಾರ. 1928ರಾಗ ಸಿಂಡಿಕೇಟ್ ಬ್ಯಾಂಕಿನವರು ಚಾಲೂ ಮಾಡಿದ್ದು, ದಿನಾ ಎರಡಾಣೆ ಮನಿ ಬಾಗಲಕ್ಕ ಬಂದು ಒಯ್ಯತಿದ್ರು. ನಮ್ಮಂಥಾ ದಿನಗಳಿಕಿ ಮಂದಿಗೆ ಹೇಳಿ ಮಾಡಿಸಿದ್ದು. ತಪ್ಪು ಪಿಗ್ಮಿಯೊಳಗಿಲ್ಲ, ಆ ರೊಕ್ಕ ಎಲ್ಲಿ ಹೋಗಿ ಕೂಡತೈತಿ ಅನ್ನೂದ್ರಾಗ ಐತಿ. ಒಂದು ಮಾತು ಗೋಡಿ ಮ್ಯಾಲೆ ಬರದ ಇಟ್ಕೋರಿ: ಬ್ಯಾಂಕಿನಾಗಿನ ಠೇವಣಿಗೆ, ಅದು ಪಟ್ಟಣ ಸಹಕಾರಿ ಬ್ಯಾಂಕ್ ಇದ್ರೂನೂ, ಒಬ್ಬರಿಗೆ ಒಂದು ಬ್ಯಾಂಕಿನಾಗ 5 ಲಕ್ಷದ ತನಕಾ ವಿಮಾ ಐತಿ. 2020ರಿಂದ ಆ ಮಿತಿ ಬಂದೈತಿ. ಪತ್ತಿನ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಆ ವಿಮಾ ಇಲ್ಲ. ಫಲಕದ ಮ್ಯಾಲೆ ಸಹಕಾರಿ ಅಂತ ಇದ್ದರಷ್ಟ ಸಾಲದು, "ಬ್ಯಾಂಕ್ ಹೌದೋ, ಸಂಘ ಹೌದೋ? ಠೇವಣಿ ವಿಮಾ ಐತೋ ಇಲ್ಲೋ?" ಅಂತ ಕೇಳ್ರಿ. ಬಡ್ಡಿ ಎರಡ ರೂಪಾಯಿ ಹೆಚ್ಚ ಅಂತ ಅಸಲು ಕಳಕೊಳ್ಳೂದು ಯಾವ ಶ್ಯಾಣೇತನ?

ಇನ್ನ ಪಾಲಿಸಿ ಮಾಡಸೂ ಅಳಿಯಂದಿರು, ಮಾಮಾಗೋಳು. ಸಂಬಂಧಿಕರು ಅಂತ ಸಹಿ ಮಾಡಿಬಿಡ್ತೇವಿ. ವಿಮಾ ಬ್ಯಾರೆ, ಉಳಿತಾಯ ಬ್ಯಾರೆ. ಎರಡೂ ಕೂಡಿಸಿದ ಪಾಲಿಸಿಯೊಳಗ ಸಾಮಾನ್ಯವಾಗಿ ಕೈಗೆ ಹತ್ತೂದು ವರ್ಷಕ್ಕ ಶೇಕಡಾ ಐದಾರರ ಆಸುಪಾಸು, ನಡುವ ಬಿಟ್ರ ಕಟ್ಟಿದ್ದೂ ಪೂರಾ ಬರೂದಿಲ್ಲ. ಅಳಿಯಾಗ ಚಹಾ ಕೊಡ್ರಿ, ಉಪ್ಪಿಟ್ಟ ಕೊಡ್ರಿ. ಸಹಿ ನಾಳೆ ಅನ್ನ್ರಿ.

"ಹಂಗಾರ ಎಲ್ಲಿ ಇಡಬೇಕು, ನೀನ ಹೇಳು" ಅಂತೀರಿ. ಹೇಳ್ತೀನಿ. ಆದ್ರ ಮೊದಲ ನನ್ನ ತಪ್ಪು ಹೇಳಬೇಕು. 2015ರಾಗ ಅಟಲ್ ಪೆನ್ಶನ್ ಯೋಜನಾ ಬಂದಾಗ ನನಗ 37. ಬ್ಯಾಂಕಿನಾಗ ಕುಂತಿದ್ದ ಹುಡುಗಿ ಫಾರ್ಮ್ ಮುಂದ ಇಟ್ಟು "ಅಕ್ಕಾ, ಮಾಡಿಸಿಬಿಡ್ರಿ" ಅಂದ್ಲು. ನಾ ಏನಂದೆ? "ನಮ್ಮನ್ಯಾಗಿನವ್ರನ್ನ ಕೇಳ್ಕೊಂಡ ಬರ್ತೀನಿ." ಕೇಳಾಕ ಮೂರು ವರ್ಷ ಹೋದ್ವು. ನಲವತ್ತ ದಾಟಿದ್ರ ಆ ಬಾಗಲಾ ಮುಚ್ಚತೈತಿ. ಖರೇ ಹೇಳಬೇಕಂದ್ರ ಇವ್ರು ಬ್ಯಾಡ ಅಂದಿರಲೇ ಇಲ್ಲ. ನಾನ ಕೇಳಿರ್ಲಿಲ್ಲ. ನನ್ನ ಮುಪ್ಪು ನನಗ ಅಷ್ಟ ಹಗರ ಆಗಿತ್ತು.

ಅದಕ್ಕ ನಲವತ್ತರ ಒಳಗಿನವರು ನಿಂತ ಕಾಲಮ್ಯಾಲೆ ಹೋಗ್ರಿ. ಆದಾಯ ತೆರಿಗಿ ಕಟ್ಟದಾವ್ರು ಇದನ್ನ ಮಾಡಿಸಬೌದು. ಅರವತ್ತಾದ ಮ್ಯಾಲೆ ತಿಂಗಳಾ 5,000 ಬೇಕಂದ್ರ ಹದಿನೆಂಟರ ಹುಡುಗಿ ತಿಂಗಳಿಗೆ 210 ರೂಪಾಯಿ ಕಟ್ಟಬೇಕು, ಮೂವತ್ತರಾಕಿ 577, ನಲವತ್ತರಾಕಿ 1,454. ನೋಡ್ರಿ, ತಡಾ ಮಾಡಿದ್ದಕ್ಕ ಎಷ್ಟ ದಂಡ! ತಿಂಗಳಾ ಆಗದಿದ್ರ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಕಟ್ಟಬೌದು, ಜಾತ್ರಿ-ಸುಗ್ಗಿ ನೋಡಿ ದುಡಿಯಾವ್ರಿಗೆ ಅದ ಚಲೋ. ನೀವು ಹೋದ್ರ ಅಷ್ಟ ಪೆನ್ಶನ್ ಗಂಡಗ ಬರತೈತಿ, ಇಬ್ಬರೂ ಹೋದ್ರ ಗಂಟು ನಾಮಿನಿಗೆ.

ನನ್ನಂಗ ನಲವತ್ತ ದಾಟಿದಾವ್ರಿಗೆ ಅಂಚೀ ಕಚೇರಿ ಅಥವಾ ಬ್ಯಾಂಕಿನ ಪಿಪಿಎಫ್. ವರ್ಷಕ್ಕ ಕಡಿಮಿ ಅಂದ್ರ 500, ಹೆಚ್ಚಂದ್ರ ಒಂದೂವರಿ ಲಕ್ಷ. ಹದಿನೈದು ವರ್ಷದ್ದು. ನಾ ಇದನ್ನ ಬರಿಯೂವಾಗ ಬಡ್ಡಿ ಶೇಕಡಾ 7.1, ಅದಕ್ಕ ತೆರಿಗಿ ಇಲ್ಲ. ತಿಂಗಳಾ ಸಾವಿರದಂಗ ಕಟ್ಟಿದ್ರ ನಿಮ್ಮ ಕೈಯಿಂದ ಹೋಗೂದು 1 ಲಕ್ಷ 80 ಸಾವಿರ, ಇದ ಬಡ್ಡಿ ನಿಂತ್ರ ಬರೂದು 3 ಲಕ್ಷ 15 ಸಾವಿರದ ಆಸುಪಾಸು. ಐದನೇ ತಾರೀಖಿನ ಒಳಗ ಕಟ್ರಿ, ಇಲ್ಲಂದ್ರ ಆ ತಿಂಗಳ ಬಡ್ಡಿ ಹೋಗತೈತಿ. ಧಂದೇದಾಗ ನಾಕು ರೊಕ್ಕ ಹೆಚ್ಚ ಉಳಿಯಾವ್ರು, ಖಾನಾವಳಿ ವೈನಿಯಂಥಾವ್ರು, ಎನ್‌ಪಿಎಸ್ ಬಗ್ಗೇನೂ ವಿಚಾರಸ್ರಿ. ಅದು ಶೇರು ಪ್ಯಾಟಿ ಮ್ಯಾಲೂ ನಿಲ್ತೈತಿ, ಏರತೈತಿ, ಇಳೀತೈತಿ, ಕೊನಿಗೆ ಒಂದ ಪಾಲು ಪೆನ್ಶನ್ ಮಾಡಿಸಲೇಬೇಕು. ಎದಿ ಗಟ್ಟಿ ಇದ್ದವ್ರಿಗೆ, ವ್ಯಾಳ್ಯಾ ಇದ್ದವ್ರಿಗೆ ಅದು.

ಅರವತ್ತ ಆದಮ್ಯಾಲೆ ಗಂಟು ಕೈಗೆ ಬಂದ್ರ ಅಂಚೀ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನಾ. ಈಗ ಶೇಕಡಾ 8.2, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೇಕ ಬರತೈತಿ. ಚಿಗವ್ವನ ಆ ಮೂರು ಲಕ್ಷ ಇಲ್ಲಿ ಇದ್ದಿದ್ರ ಪ್ರತಿ ಮೂರು ತಿಂಗಳಿಗೆ 6,150 ರೂಪಾಯಿ ಬರ್ತಿತ್ತು. ಪೂರಾ ತಿಂಗಳ ಗುಳಿಗಿ ತೊಗೊಂಡು ಮೊಮ್ಮಗಳಿಗೆ ರಿಬ್ಬನ್ನೂ ತರತಿದ್ಲು, ಯಾರನ್ನೂ ಕೇಳದ.

ಶ್ಯಾಣ್ಯಾವ್ರು ಕೇಳ್ತಾರ, "ಇಪ್ಪತ್ತ ವರ್ಷದ ಮ್ಯಾಲೆ 5,000ಕ್ಕ ಏನ್ ಬರತೈತಿ?" ಖರೆ ಮಾತು. ವರ್ಷಾ ಶೇಕಡಾ ಆರರಂಗ ತುಟ್ಟಿ ಆದ್ರ ಆಗಿನ 5,000 ಇವತ್ತಿನ 1,550 ಇದ್ದಂಗ. ಅದಕ್ಕ ಒಂದರ ಮ್ಯಾಲೆ ನಿಲ್ಲಬ್ಯಾಡ್ರಿ ಅಂತೀನಿ, ಎರಡು ಮಾಡ್ರಿ. ಆದ್ರ ಇದನ್ನ ಹೇಳಿ ಏನೂ ಮಾಡದ ಕುಂಡ್ರೂದು ಶ್ಯಾಣೇತನ ಅಲ್ಲ. 1,550 ಸಣ್ಣದು, ಸೊನ್ನಿ ಅದಕ್ಕಿಂತ ಸಣ್ಣದು.

ಇನ್ನೊಂದು ತಕರಾರು, "ಪಿಪಿಎಫ್‌ನಾಗ ರೊಕ್ಕ ಸಿಕ್ಕೊಂಡ ಬಿಡತೈತಿ, ಬೇಕಂದಾಗ ಬರೂದಿಲ್ಲ." ಅಕ್ಕಾರ, ಅದ ಅದರ ಗುಣಾ! ಮೂರನೇ ವರ್ಷದಿಂದ ಸ್ವಲ್ಪ ಸಾಲ ಸಿಗತೈತಿ, ಏಳನೇ ವರ್ಷದಿಂದ ಒಂದಿಷ್ಟು ತೆಗೀಬೌದು. ಕೋರ್ಟು ಸಾಲಕ್ಕಂತ ಅದನ್ನ ಜಪ್ತಿ ಮಾಡಾಕ ಬರೂದಿಲ್ಲ. ಮಂದಿ ಬಡ್ಡಿ ನೋಡಿ ಯೋಜನಾ ಆರಸ್ತಾರ. ನಾವು ಮೊದಲ ಕೀಲಿ ನೋಡಬೇಕು. ಪಾಟ್ಲಿ ಕೀಲಿ ಮನಿಮಂದಿ ಕೈಯಾಗ, ಭಿಶಿ ಕೀಲಿ ಹತ್ತ ಮಂದಿ ಕೈಯಾಗ, ಸೊಸೈಟಿ ಕೀಲಿ ಚೇರಮನ್ ಕೈಯಾಗ. "ತೆಗಿಯಾಕ ಬರೂದಿಲ್ಲೋ ತಮ್ಮಾ, ಸರಕಾರದ ನೇಮ ಐತಿ" ಅಂತ ನಕ್ಕೋಂತ ಹೇಳಬೌದಲ್ಲಾ, ಅದಕ್ಕಿಂತ ದೊಡ್ಡ ಬಡ್ಡಿ ಯಾವುದು? ಹಟಾತ್ ಕಷ್ಟಕ್ಕ ಮೂರು ತಿಂಗಳ ಖರ್ಚು ಬ್ಯಾರೆ ಉಳಿತಾಯ ಖಾತೇದಾಗ ಇಡ್ರಿ, ಆಗ ಗಂಟಿಗೆ ಕೈ ಹಚ್ಚೂ ಪ್ರಸಂಗ ಕಡಿಮಿ.

1824ರಾಗ ಥ್ಯಾಕರೆ ಕಿತ್ತೂರ ಖಜಾನಿಗೆ ತನ್ನ ಮುದ್ರಿ ಹಾಕಿ ಕಾವಲಾ ಇಟ್ಟಾಗ ಚೆನ್ನಮ್ಮ "ನಮ್ಮನ್ಯಾಗಿನವ್ರನ್ನ ಕೇಳ್ತೀನಿ" ಅನ್ನಲಿಲ್ಲ. ನಮ್ಮ ಬೈಲಹೊಂಗಲದಾಗ ಅಕಿ ಸಮಾಧಿಗೆ ಹೂವಾ ಏರಿಸಿ ಬರ್ತೇವಿ, ಮನಿಗೆ ಬಂದು ನಮ್ಮ ಪಾಸಬುಕ್ ಯಾರ ಟ್ರಂಕಿನಾಗ ಐತಿ ಅಂತ ನಮಗ ಗೊತ್ತಿರೂದಿಲ್ಲ. ಗೃಹಲಕ್ಷ್ಮಿ ರೊಕ್ಕ 2,000 ನಮ್ಮ ಖಾತೇಕ ಬರಾಕತ್ತಿ ವರ್ಷಗಳಾದ್ವು, ಎಟಿಎಂ ಕಾರ್ಡು ಮಗನ ಕಿಸೇದಾಗ. ಇದನ್ನ ಬರದ್ರ ಮನಿ ಮುರೀತಾಳ ಅಂತಾರ. ಮನಿ ಮುರಿಯೂದು ಅವ್ವ ರೊಕ್ಕ ಕೂಡಿಟ್ಟದ್ದಕ್ಕಲ್ಲ, ಅವ್ವನ ಖರ್ಚು ಯಾರು ನೋಡಬೇಕು ಅಂತ ಅಣ್ಣ-ತಮ್ಮಂದಿರು ಕಚ್ಯಾಡಿದ್ದಕ್ಕ.

ಬರೂ ಸೋಮವಾರ ನಾ ಚಿಗವ್ವನ್ನ ಕರಕೊಂಡು ಅಂಚೀ ಕಚೇರಿಗೆ ಹೊಂಟೇನಿ. ಅಕಿ ಈಗೂ ವಾರಕ್ಕ ಎರಡ ಮೂರು ಜಂಪರ್ ಹೊಲೀತಾಳ. ತಿಂಗಳಾ ನೂರು ರೂಪಾಯಿದ್ದು ಆರ್‌ಡಿ ತೆಗಸೂದು. "ಈ ವಯಸ್ಸಿನಾಗ ಯಾತಕವ್ವಾ" ಅಂದ್ಲು. "ಹೊಲಿಯಾಕ ವಯಸ್ಸ ಐತಿ, ಇಡಾಕ ಇಲ್ಲೇನು?" ಅಂದೆ. ಸುಮ್ಮನಾದ್ಲು, ಆಮ್ಯಾಲೆ ಆಧಾರ್ ಕಾರ್ಡು ಹುಡುಕಾಕ ಎದ್ಲು.

ನನ್ನ ಜೋಡಿ ಬರಾವ್ರು ಹತ್ತಕ್ಕ ಬರ್ರಿ. ಆಧಾರ್, ಪ್ಯಾನ್, ಎರಡು ಫೋಟೋ ಮತ್ತ ನಾಮಿನಿ ಹೆಸರು ತರ್ರಿ. ರೊಟ್ಟಿ ಬಡದ ಮುಗಿಸೇ ಬರ್ತೀನಿ, ತಡಾ ಆಗೂದಿಲ್ಲ. ಬೈಯಾವ್ರು ಅಲ್ಲೇ ಸಾಲಿನಾಗ ನಿಂತು ಬೈರಿ.