ರಾಜನಿಗೆ ಕುದುರೆ ಜಿಗಿತವಿಲ್ಲವಂತೆ!

ಕಳೆದ ಸಂಚಿಕೆಯಲ್ಲಿ ಹುಣಿಸೆಹಣ್ಣನ್ನು ವರ್ಷಪೂರ್ತಿ ಕೆಡದಂತೆ ಇಡುವ ಬಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಿಗೆ ಈ ಸಲ ಉತ್ತರ ಕೊಡಬೇಕಾಗಿತ್ತು. ಆದರೆ ಸೋದರಿಯರೇ, ನಡುವೆ ಒಂದು ಭಾನುವಾರ ನಾನು ಯುದ್ಧಕ್ಕೆ ಹೋಗಿ ಬಂದೆ. ಹುಣಿಸೆಹಣ್ಣು ಇನ್ನೂ ಹದಿನೈದು ದಿನ ಕಾಯಲಿ, ಅದೇನು ಒಂದು ರಾತ್ರಿಯಲ್ಲಿ ಹಳಸುವ ಪದಾರ್ಥವಲ್ಲ.

ಯುದ್ಧವೆಂದರೆ ಚದುರಂಗ. ಆನೆ, ರಥ, ಕುದುರೆ, ಕಾಲಾಳು ಎಂದು ಸೈನ್ಯದ ನಾಲ್ಕು ಅಂಗಗಳಿದ್ದುದರಿಂದಲೇ ಅದಕ್ಕೆ ಚತುರಂಗವೆಂದು ಹೆಸರು. ನಮ್ಮ ಅನಂತಪುರದ ಕಡೆ, ಅಂದರೆ ಅಥಣಿ ಸೀಮೆಯಲ್ಲಿ, ಮರಾಠಿಯ ಬಳಕೆಯಿಂದ ಬುದ್ಧಿಬಳ ಎನ್ನುವವರೂ ಇದ್ದಾರೆ. ನಮ್ಮಲ್ಲಿ ಆನೆ ಮೂಲೆಯಲ್ಲಿ, ಅದರ ಪಕ್ಕ ಕುದುರೆ, ಆಮೇಲೆ ಒಂಟೆ, ನಡುವೆ ರಾಜ ಮತ್ತು ವಜೀರ. ಮುಂದೆ ಎಂಟು ಪ್ಯಾದೆಗಳು.

ನಮ್ಮಜ್ಜ ಸಂಜೆ ಪಡಸಾಲೆಯಲ್ಲಿ ಕೂತು ಇದನ್ನು ಆಡುತ್ತಿದ್ದ. ಕೆಂಪು ಮತ್ತು ಹಸಿರು ಅರಗಿನ ಬಣ್ಣದ ಕಟ್ಟಿಗೆ ಕಾಯಿಗಳು. ಹಾಸು ಬಟ್ಟೆಯದು, ಮನೆಗಳೆಲ್ಲ ಒಂದೇ ಬಣ್ಣ, ಗೆರೆ ಮಾತ್ರ ಹೊಲಿದದ್ದು. ಹೆಣ್ಣುಮಕ್ಕಳು ಅಲ್ಲಿ ಕೂಡುವ ಹಾಗಿರಲಿಲ್ಲ. ಚಹಾ ಕೊಟ್ಟು, ಬಟ್ಟಲು ಖಾಲಿಯಾಗುವವರೆಗೆ ಕಂಬಕ್ಕೆ ಆತು ನಿಲ್ಲಬಹುದಿತ್ತು. ನಾನು ಆಟ ಕಲಿತದ್ದು ಆ ಬಟ್ಟಲುಗಳ ನೆವದಿಂದ. ಅಜ್ಜನ ಗೆಳೆಯರು ಚಹಾವನ್ನು ಬಹಳ ಸಾವಕಾಶ ಕುಡಿಯುತ್ತಿದ್ದರು, ಅವರಿಗೆ ಪುಣ್ಯ ಬರಲಿ.

ಈಗ ನನಗೆ ಐವತ್ತಾರು. ಪಕ್ಕದ ಮನೆಯ ಹನ್ನೊಂದು ವರ್ಷದ ಹುಡುಗಿ ಶಾಲೆಯಲ್ಲಿ ಚದುರಂಗ ಕಲಿತು ಬಂದು, ಆಡಲು ಯಾರೂ ಸಿಗದೆ ನನ್ನ ಬೆನ್ನು ಹತ್ತಿದಳು. ಆರು ತಿಂಗಳಿಂದ ದಿನಾ ಸಂಜೆ ಅವಳೂ ನಾನೂ. ಹೋದ ತಿಂಗಳು ಗಡಿಯಾಚೆಯ ಒಂದು ಊರಿನ ಕಲ್ಯಾಣ ಮಂಟಪದಲ್ಲಿ ಒಂದು ದಿನದ ಸ್ಪರ್ಧೆ ಇದೆಯೆಂದು ತಿಳಿಯಿತು. ಹುಡುಗಿಯನ್ನು ಒಬ್ಬಳೇ ಕಳಿಸಲು ಅವರ ಮನೆಯಲ್ಲಿ ಒಪ್ಪಲಿಲ್ಲ. ತಾಯಿ ಕಬ್ಬಿನ ಕೆಲಸ ಬಿಟ್ಟು ಬರುವಂತಿರಲಿಲ್ಲ. ‘ಕಾಕು ಬಂದರೆ ಮಾತ್ರ’ ಎಂದರು. ಹೊರಟೆ. ಹೆಸರು ಬರೆಸುವ ಮೇಜಿನ ಹತ್ತಿರ ಇದ್ದ ಹುಡುಗ, “ನೀವೂ ಆಡ್ತೀರೇನ್ರಿ ಅಕ್ಕಾರ? ವಯಸ್ಸಿನ ಮಿತಿ ಇಲ್ರಿ” ಎಂದು ನಗುತ್ತ ಕೇಳಿದ. ಚೇಷ್ಟೆಗೆ ಕೇಳಿದನೋ ಏನೋ. ದಿನವೆಲ್ಲ ಗೋಡೆಗಾತು ಕೂಡುವುದಕ್ಕಿಂತ ಇದೇ ವಾಸಿ ಅಂತ ನಾನೂ ಹಣ ಕಟ್ಟಿಬಿಟ್ಟೆ.

ಒಟ್ಟು 83 ಜನ. ಅದರಲ್ಲಿ ಹುಡುಗಿಯರು ಏಳು. ಸೀರೆ ಉಟ್ಟವಳು ನಾನೊಬ್ಬಳೇ.

ಇಂಥ ಸ್ಪರ್ಧೆಯಲ್ಲಿ ಒಂದು ಅನುಕೂಲವುಂಟು. ಸೋತವರನ್ನು ಮನೆಗೆ ಅಟ್ಟುವುದಿಲ್ಲ. ಸ್ವಿಸ್ ಪದ್ಧತಿ ಅಂತಾರೆ, 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದಂತೆ. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಎಂದು ಸುತ್ತು ಸುತ್ತಿಗೂ ಜೋಡಿ ಹಾಕುತ್ತಾರೆ. ಎಲ್ಲರೂ ಸಂಜೆಯವರೆಗೂ ಆಡಬಹುದು. ನಮ್ಮದು ಆರು ಸುತ್ತು, ಆಟಕ್ಕೆ ಒಬ್ಬೊಬ್ಬರಿಗೆ 20 ನಿಮಿಷ.

ಮೊದಲ ಸುತ್ತಿನಲ್ಲಿ ಹೊಸಬರಿಗೆ ಹುಲಿಯಂಥವರೇ ಗಂಟು ಬೀಳುತ್ತಾರೆ. ನನಗೆ ಬಂದವನು ಕಾಲೇಜು ಹುಡುಗ. ನನ್ನ ನಡೆ ಮುಗಿಸಿ ಕೈಕಟ್ಟಿ ಕೂತೆ. ಅವನೂ ಕೂತ. ಎಷ್ಟು ಹೊತ್ತಾದರೂ ಆಡಲೊಲ್ಲ! ಕಡೆಗೆ ಪಾಪ, ಬೆರಳಿನಿಂದ ಗಡಿಯಾರ ತೋರಿಸಿದ. ನಡೆದ ಮೇಲೆ ಗುಂಡಿ ಒತ್ತದಿದ್ದರೆ ಓಡುವುದು ನಮ್ಮದೇ ವೇಳೆ. ಗ್ಯಾಸಿನ ಒಲೆ ಆರಿಸದೆ ಜಗಲಿಗೆ ಹೋಗಿ ಕೂತಂತೆ. ಹದಿನಾಲ್ಕು ನಡೆಗೆ ನನ್ನ ಕಥೆ ಮುಗಿಯಿತು.

ಎರಡನೆಯದು ಎಂಟು ವರ್ಷದ ಒಬ್ಬ ಪೋರನ ಜೊತೆ. ಕುರ್ಚಿಯ ಮೇಲೆ ಮೊಣಕಾಲೂರಿ ಕೂತಿದ್ದ. ಆಟ ಚೆನ್ನಾಗಿಯೇ ಸಾಗಿತ್ತು. ರಾಜನ ಸುತ್ತ ಸ್ವಲ್ಪ ಬಿಸಿ ಹತ್ತಿತೆನಿಸಿದಾಗ ಅವನನ್ನು ಎತ್ತಿ ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿ ಸುರಕ್ಷಿತ ಜಾಗದಲ್ಲಿ ಇಟ್ಟೆ. ಪೋರ ಬಾಯಿ ತೆರೆದು ನನ್ನನ್ನು ನೋಡಿ, ಕೈ ಎತ್ತಿದ. ಪಂಚರು ಬಂದರು.

“ಅಕ್ಕಾರ, ರಾಜ ಹಿಂಗ ಜಿಗಿಯೂದಿಲ್ರಿ.”

“ಶಹ ಬೀಳದ ರಾಜ ಒಮ್ಮೆ ಜಿಗಿಯಬಹುದಲ್ಲರೀ?” ಎಂದೆ ನಾನು, ದೃಢವಾಗಿ.

ಅಕ್ಕಪಕ್ಕದ ಮೇಜಿನವರು ತಲೆಯೆತ್ತಿದರು. ನನಗೆ ಮೈಯೆಲ್ಲ ಬೆವರು. ಪಂಚರು ಮುದುಕರು. ಬಗ್ಗಿ ಮೆಲ್ಲಗೆ, “ನಮ್ಮಜ್ಜನೂ ಹಂಗ ಆಡ್ತಿದ್ದ್ರಿ. ಅದು ದೇಶಿ ಆಟ. ಇಲ್ಲಿ ನಡಿಯೂದಿಲ್ಲ” ಎಂದರು. ಪೋರನಿಗೆ ಎರಡು ನಿಮಿಷ ಹೆಚ್ಚು ಕೊಟ್ಟರು. ಇನ್ನೊಮ್ಮೆ ತಪ್ಪು ನಡೆ ಮಾಡಿದರೆ ಆಟವೇ ಹೋಗುತ್ತದೆಂದು ಎಚ್ಚರಿಸಿದರು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ನಿಯಮ, ಹಾಗಾಗಿ ರಾಜನನ್ನು ಒಂದು ಮನೆ ಸರಿಸಿದೆ. ಆಮೇಲೆ ಅವನನ್ನು ಆನೆಯ ಮರೆಗೆ ಕೋಟೆ ಸೇರಿಸುವ ಅವಕಾಶವೂ ಹೋಯಿತು. ಸೋತೆ.

ನಿಜ ಹೇಳುತ್ತೇನೆ, ಆಗ ಎದ್ದು ಬಸ್ಸು ಹಿಡಿಯೋಣವೆನಿಸಿತ್ತು. ಸೋತದ್ದಕ್ಕಲ್ಲ. ನಲವತ್ತು ವರ್ಷ ‘ನನಗೆ ಈ ಆಟ ಬರುತ್ತದೆ’ ಅಂತ ಮನಸ್ಸಿನಲ್ಲೇ ಒಂದು ಗಂಟು ಕಟ್ಟಿಟ್ಟಿದ್ದೆ. ಬಿಚ್ಚಿ ನೋಡಿದರೆ ನಾಣ್ಯಗಳು ಚಲಾವಣೆಯಲ್ಲೇ ಇಲ್ಲ! ಆರು ತಿಂಗಳು ಆ ಹುಡುಗಿಯ ಜೊತೆ ಆಡುವಾಗ ಈ ಜಿಗಿತದ ಪ್ರಸಂಗವೇ ಬಂದಿರಲಿಲ್ಲ. ಪ್ಯಾದೆ ಮೊದಲ ಸಲ ಎರಡು ಮನೆ ಹೋಗಬಹುದೆಂಬುದನ್ನು ಮಾತ್ರ ಅವಳು ಜಗಳವಾಡಿ ಕಲಿಸಿದ್ದಳು. ಅಜ್ಜನ ಆಟದಲ್ಲಿ ಅದು ಒಂದೇ ಮನೆ.

ಆಮೇಲೆ ಸಮಾಧಾನಕ್ಕೆ ಒಂದು ನೆನಪಾಯಿತು. ಸುಲ್ತಾನ್ ಖಾನ್ ಎಂಬಾತ ಅವಿಭಜಿತ ಪಂಜಾಬಿನವನು. ಅವನೂ ಮೊದಲು ತಂದೆಯಿಂದ ಕಲಿತದ್ದು ದೇಶಿ ಆಟವನ್ನೇ. ಪಾಶ್ಚಾತ್ಯ ನಿಯಮ ಆಮೇಲೆ ಕಲಿತು, ಧಣಿ ಸರ್ ಉಮರ್ ಹಯಾತ್ ಖಾನರ ಜೊತೆ ಲಂಡನ್ನಿಗೆ ಹೋಗಿ, 1929, 1932, 1933ರಲ್ಲಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದ. ನಮಗೆ ಇನ್ನೂ ಮುಖ್ಯವಾದ ಸಂಗತಿಯೆಂದರೆ, ಅದೇ ಧಣಿಯ ಮನೆಯಲ್ಲಿ ಕೆಲಸಕ್ಕಿದ್ದ ಫಾತಿಮಾ ಎಂಬ ಹುಡುಗಿ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳು. ಅವಳೂ ಚಹಾದ ಬಟ್ಟಲು ಹಿಡಿದು ನಿಂತೇ ನೋಡಿದ್ದಳೋ ಏನೋ, ಯಾರು ಬಲ್ಲರು.

ನಮ್ಮ ಸುತ್ತಲಿನ ಮಾತೇ ತೆಗೆದುಕೊಳ್ಳಿ. ಸಾಂಗಲಿ ಮೊದಲಿನಿಂದಲೂ ಚದುರಂಗದ ಊರು. ಅಲ್ಲಿನ ನೂತನ ಬುದ್ಧಿಬಳ ಮಂಡಳ, ಅದನ್ನು ಬೆಳೆಸಿದ ಭಾವುಸಾಹೇಬ ಪಡಸಲಗೀಕರರ ಹೆಸರು ಆಟ ಬಲ್ಲವರೆಲ್ಲ ಕೇಳಿದ್ದಾರೆ. ಸಾಂಗಲಿಯ ಭಾಗ್ಯಶ್ರೀ ಸಾಠೆ, ಮದುವೆಯ ನಂತರ ಠಿಪ್ಸೆ, 1985ರಿಂದ 1994ರೊಳಗೆ ಐದು ಸಲ ರಾಷ್ಟ್ರೀಯ ಮಹಿಳಾ ಪ್ರಶಸ್ತಿ ಗೆದ್ದರು. ಅಲ್ಲಿಯವರೇ ಸ್ವಾತಿ ಘಾಟೆ. ಆದರೆ ಮಹಿಳೆಯರ ಮೊಟ್ಟಮೊದಲ ರಾಷ್ಟ್ರೀಯ ಸ್ಪರ್ಧೆ 1974ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಗೆದ್ದವರು ಮುಂಬಯಿಯ ವಾಸಂತಿ ಖಾಡಿಲಕರ. ಅವರ ತಂಗಿಯರು ಜಯಶ್ರೀ, ರೋಹಿಣಿ. ಸುಮಾರು ಹತ್ತು ವರ್ಷ ಆ ಪ್ರಶಸ್ತಿ ಈ ಮೂವರ ಮನೆಯ ಹೊಸ್ತಿಲು ದಾಟಲಿಲ್ಲ. 1976ರಲ್ಲಿ ಹದಿಮೂರರ ರೋಹಿಣಿ ಗಂಡಸರ ರಾಷ್ಟ್ರೀಯ ಸ್ಪರ್ಧೆಯಲ್ಲೇ ಆಡಲು ಕೂತಾಗ ದೊಡ್ಡ ಗಲಾಟೆಯಾಯಿತು. ವಿಷಯ ಜಾಗತಿಕ ಚದುರಂಗ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ ಅವರವರೆಗೆ ಹೋಗಿ, ಹೆಂಗಸರನ್ನು ತಡೆಯುವಂತಿಲ್ಲವೆಂದು ತೀರ್ಮಾನವಾಯಿತು. ಮೊನ್ನೆ 2025ರಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ಪಿನ ಅಂತಿಮ ಆಟಕ್ಕೆ ಕೂತ ಇಬ್ಬರೂ ನಮ್ಮವರೇ: ಕೊನೇರು ಹಂಪಿ ಮತ್ತು ಗೆದ್ದ ನಾಗಪುರದ ದಿವ್ಯಾ ದೇಶಮುಖ್. ಇಷ್ಟಾದರೂ ನಮ್ಮ ಕಲ್ಯಾಣ ಮಂಟಪದಲ್ಲಿ 83ಕ್ಕೆ ಎಂಟೇ ಜನ ಹೆಣ್ಣುಮಕ್ಕಳು. ಏಳು ಜನರ ಜೊತೆಗೂ ಒಬ್ಬೊಬ್ಬರು ಕಾವಲಿಗೆ ಬಂದಿದ್ದರು. ಆ ಕಾವಲಿನವರು ಬಿಡುವು ಮಾಡಿಕೊಂಡು ಬಂದರೆ ಆಟ, ಇಲ್ಲದಿದ್ದರೆ ಇಲ್ಲ.

ಮೂರನೆಯ ಸುತ್ತಿನಲ್ಲಿ ನನಗೆ ಪೂರ್ತಿ ಒಂದು ಅಂಕ ಬಂತು! ಹೇಗೆನ್ನುತ್ತೀರಿ? ಜನ ಬೆಸವಾದ್ದರಿಂದ ಕೆಳಗಿನವರೊಬ್ಬರಿಗೆ ಜೋಡಿ ಇರುವುದಿಲ್ಲ, ಸುಮ್ಮನೆ ಒಂದು ಅಂಕ ಕೊಡುತ್ತಾರೆ. ಆ ಹೊತ್ತಿನಲ್ಲಿ ಬುತ್ತಿ ಬಿಚ್ಚಿದೆ. ಶೇಂಗಾ ಹೋಳಿಗೆ ಒಯ್ದಿದ್ದೆ. ಹುರಿದ ಶೇಂಗಾಪುಡಿ ಎರಡು ಪಾಲು, ಬೆಲ್ಲ ಒಂದೂವರೆ, ಸ್ವಲ್ಪ ಎಳ್ಳು, ಏಲಕ್ಕಿ. ರುಚಿಗೇನೂ ಕೊರತೆಯಿಲ್ಲ. ಆದರೆ ತುಪ್ಪದ ಕೈ! ಮುಂದಿನ ಆಟದಲ್ಲಿ ಕುದುರೆ ಬೆರಳಿನಿಂದ ಜಾರಿತು. ಅದನ್ನು ಹಿಡಿಯಹೋಗಿ ಬಳೆ ತಗಲಿ ನಾಲ್ಕು ಪ್ಯಾದೆ ಮಲಗಿದವು. ಕೆಡವಿದ ಕಾಯಿಗಳನ್ನು ನಮ್ಮ ವೇಳೆಯಲ್ಲೇ ನಾವೇ ಎತ್ತಿ ನಿಲ್ಲಿಸಬೇಕು. ಸ್ಪರ್ಧೆಗೆ ಹೋಗುವ ಮನಸ್ಸಿದ್ದವರು ಖಡಕ್ ರೊಟ್ಟಿ, ಚಟ್ನಿಪುಡಿ ಒಯ್ಯಿರಿ, ಸೆರಗಿಗೆ ಪಿನ್ನು ಹಾಕಿ, ಬಲಗೈ ಬಳೆ ಕಡಿಮೆ ಮಾಡಿ. ಓದುವ ಕನ್ನಡಕ ಮರೆಯಬೇಡಿ. ಕಾಯಿ ಓರೆಯಾಗಿ ಕೂತಿದ್ದರೆ, ‘ಸರಿಪಡಿಸ್ತೀನಿ’ ಅಂತ ಮೊದಲು ಹೇಳಿಯೇ ಮುಟ್ಟಬೇಕು. ನಾನು ಹೇಳದೆ ವಜೀರನನ್ನು ಮುಟ್ಟಿ, ಅವನನ್ನೇ ನಡೆಸಬೇಕಾಗಿ ಬಂದು, ಕಳೆದುಕೊಂಡೆ. ನಾಲ್ಕನೆಯದೂ ಸೋಲು.

ಐದನೆಯ ಸುತ್ತಿನ ಪಟ್ಟಿ ಹಚ್ಚಿದಾಗ ನನ್ನ ಹೆಸರಿನ ಎದುರು ನಮ್ಮ ಹುಡುಗಿಯ ಹೆಸರು. ಅವಳಿಗೂ ಒಂದೇ ಅಂಕ. ಸರಿಸಮರಿಗೆ ಜೋಡಿ ಹಾಕುವ ಪದ್ಧತಿ, ಒಂದೇ ಬಸ್ಸಿನಲ್ಲಿ ಬಂದವರೆಂದು ಅದಕ್ಕೇನು ಗೊತ್ತು?

ಕೂತೊಡನೆ ಹುಡುಗಿ ಹೇಳಿದಳು: “ಕಾಕು, ಮನಿಯಾಗ ಬಿಟ್ಟಂಗ ಬಿಡಬ್ಯಾಡ್ರಿ.” ಮನೆಯಲ್ಲಿ ನಾನು ವಾರಕ್ಕೆ ಎರಡು ಆಟ ಬೇಕೆಂದೇ ಸೋಲುತ್ತಿದ್ದೆ. ಅದು ಅವಳಿಗೆ ಗೊತ್ತಿದೆಯೆಂದು ನನಗೆ ಆವತ್ತು ಗೊತ್ತಾಯಿತು.

ಆದ್ದರಿಂದ ಬಿಡಲಿಲ್ಲ. ಅವಳು ಅವಸರದಲ್ಲಿ ಒಂದು ಆನೆ ಕಳೆದುಕೊಂಡಳು, ಆಮೇಲೆ ಒಂದೊಂದಾಗಿ ಎಲ್ಲ. ಕಡೆಗೆ ಅವಳ ಹತ್ತಿರ ರಾಜನೊಬ್ಬನೇ, ನನ್ನ ಹತ್ತಿರ ರಾಜ ಮತ್ತು ಒಂದು ಆನೆ. ನಾಲ್ಕು ನಿಮಿಷ ಬಾಕಿಯಿತ್ತು. ಅವಳ ತುಟಿ ನಡುಗುತ್ತಿತ್ತು.

ಆಗಲೇ ನನಗೆ ಹೊಳೆದದ್ದು: ಇದರ ಮುಂದೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ! ಅಜ್ಜನ ಆಟದಲ್ಲಿ ಎದುರಿನವನ ಸೈನ್ಯವೆಲ್ಲ ಹೋಗಿ ರಾಜ ಒಂಟಿಯಾದರೆ ಅಲ್ಲಿಗೆ ಮುಗಿಯಿತು. ಬುರ್ಜಿ ಅನ್ನುತ್ತಿದ್ದರು, ಅರ್ಧ ಗೆಲುವು. ಒಂಟಿ ರಾಜನನ್ನು ಅಟ್ಟಿಸಿಕೊಂಡು ಹೋಗುವ ಪ್ರಸಂಗವೇ ಇರಲಿಲ್ಲ. ಶಹ ಎಂದೆ, ಅವಳು ಸರಿದಳು. ಮತ್ತೆ ಶಹ, ಮತ್ತೆ ಸರಿದಳು. ಅಂಗಳದಲ್ಲಿ ಒಬ್ಬರೇ ಕೋಳಿ ಹಿಡಿಯ ಹೊರಟಂತೆ. ನಾಲ್ಕು ನಿಮಿಷವೂ ಓಡಿಹೋಯಿತು. ಪಂಚರು ಬಂದು, ನನ್ನ ವೇಳೆ ಮುಗಿದಿದೆ, ಆದರೆ ಒಂಟಿ ರಾಜನಿಂದ ಯಾರನ್ನೂ ಮಾತ ಮಾಡಲಾಗುವುದಿಲ್ಲ, ಆದ್ದರಿಂದ ಆಟ ಸಮ, ಅರ್ಧರ್ಧ ಅಂಕ ಎಂದರು. ಕಡೆಗೂ ಅಜ್ಜನ ಬುರ್ಜಿಯೇ ಆಯಿತೆನ್ನಿ.

ಆರನೆಯದರಲ್ಲಿ ನಾನು ಔಷಧಿ ಅಂಗಡಿಯವರೊಬ್ಬರನ್ನು ಸೋಲಿಸಿದೆ. ಹುಡುಗಿಯೂ ಗೆದ್ದಳು. ಒಟ್ಟು ಎರಡೂವರೆ ಅಂಕಕ್ಕೆ ಅವಳಿಗೆ ಹುಡುಗಿಯರಲ್ಲಿ ಮೂರನೆಯ ಬಹುಮಾನ, ಒಂದು ಗೇಣುದ್ದದ ಕಪ್ಪು. ಎರಡು ಅಂಕವಾಗಿದ್ದರೆ ಸಿಗುತ್ತಿರಲಿಲ್ಲ.

ಬಸ್ಸಿನಲ್ಲಿ ಅವಳ ಮುಖ ಊದಿಕೊಂಡಿತ್ತು. ಕಪ್ಪು ಚೀಲದೊಳಗೇ ಇತ್ತು. ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು:

“ಬೇಕಂತಲೇ ಬಿಟ್ರಿ, ಹೌದಿಲ್ಲೋ?”

“ಇಲ್ಲವ್ವ. ನನಗ ಬರೂದಿಲ್ಲ, ಖರೇನ.”

“ಸುಳ್ಳ. ಅಷ್ಟೂ ಬರೂದಿಲ್ಲೇನ ನಿಮಗ?”

ಚೀಲದಿಂದ ಅಂಗೈಯಗಲದ ಹಲಗೆ ತೆಗೆದಳು, ಕಾಯಿಗಳಿಗೆ ಅಯಸ್ಕಾಂತ ಇರುವಂಥದ್ದು. ಎರಡು ರಾಜ, ಒಂದು ಆನೆ ಇಟ್ಟು, “ಈಗ ಮಾಡಿ ತೋರಸ್ರಿ” ಎಂದಳು. ಗಡಿಯಾರವಿಲ್ಲ, ಪಂಚರಿಲ್ಲ. ನಾನು ಆನೆಯನ್ನು ಹಿಡಿದು ಅಲ್ಲಿಂದಿಲ್ಲಿ, ಇಲ್ಲಿಂದಲ್ಲಿ ಓಡಾಡಿಸಿದೆ. ಅವಳ ರಾಜ ನಡುಮನೆಯಲ್ಲಿ ಆರಾಮವಾಗಿ ತಿರುಗುತ್ತಿತ್ತು. ಹತ್ತು ನಿಮಿಷ ನೋಡಿದಳು. ಮೆಲ್ಲಗೆ ಮುಖ ಸಡಿಲವಾಯಿತು. ಕಪ್ಪು ಹೊರಗೆ ಬಂದು ತೊಡೆಯ ಮೇಲೆ ಕೂತಿತು.

“ಕಾಕು, ಹಂಗಲ್ರಿ. ಮೊದಲ ಬೇಲಿ ಹಾಕ್ರಿ.”

ಆನೆಯನ್ನು ಒಂದು ಸಾಲಿನಲ್ಲಿ ನಿಲ್ಲಿಸಿದರೆ ಅದೇ ಬೇಲಿ, ಒಂಟಿ ರಾಜ ಅದನ್ನು ದಾಟಲಾರ. ಆಮೇಲೆ ಆನೆಯನ್ನು ಬಿಟ್ಟು ನಮ್ಮ ರಾಜನನ್ನು ಕರೆತರಬೇಕು. ಇದನ್ನೇ ನಾನು ಮಾಡಿರಲಿಲ್ಲ, ರಾಜನೆಂದರೆ ಮನೆಯಲ್ಲಿ ಕೂಡುವವನೆಂದೇ ತಿಳಿದಿದ್ದೆ. ಎರಡೂ ರಾಜರು ನಡುವೆ ಒಂದೇ ಮನೆ ಬಿಟ್ಟು ಎದುರುಬದುರಾದ ಗಳಿಗೆಯಲ್ಲಿ ಆನೆಯಿಂದ ಶಹ. ಅವನು ಒಂದು ಸಾಲು ಹಿಂದೆ ಹೋಗಲೇಬೇಕು. ಬೇಲಿಯೂ ಒಂದು ಸಾಲು ಮುಂದೆ ಬಂತು. ಆನೆಗೆ ಅವನು ಹತ್ತಿರ ಬಂದರೆ ಅದೇ ಸಾಲಿನ ಇನ್ನೊಂದು ತುದಿಗೆ ಓಡಿಸಿದರಾಯಿತು. ಹೀಗೆ ಅಂಚಿನವರೆಗೆ.

ಮೂರನೆಯ ಸಲಕ್ಕೆ ನನಗೆ ಬಂತು. ಅಷ್ಟರಲ್ಲಿ ಕಂಡಕ್ಟರು ಅನಂತಪುರ ಅಂತ ಕೂಗಿದ. ಹುಡುಗಿಯ ರಾಜ ಸೀಟಿನ ಕೆಳಗೆ ಉರುಳಿ ಹೋಗಿತ್ತು. ಹಿಂದಿನ ಸೀಟಿನ ಅಜ್ಜ ಕಾಲು ಎತ್ತಿ ಕೂತರು, ಅದನ್ನು ಹುಡುಕಿಕೊಂಡು ಇಳಿದೆವು.