ಅಚ್ಚೇರು, ಪಾವು ಮತ್ತು ಪಾಠ ಯೋಜನೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಆಕೆಯೂ ಸರ್ಕಾರಿ ಶಾಲೆಯ ಶಿಕ್ಷಕಿ. "ಸಾರ್, ಪಾಠ ಮಾಡುವುದಕ್ಕಿಂತ ಪಾಠ ಯೋಜನೆ ಬರೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಕಲಿಕಾ ಫಲದ ಕಲಂ ಖಾಲಿ ಇರುವಂತಿಲ್ಲ" ಎಂದು ಅಲವತ್ತುಕೊಂಡಳು. ನಾನು ಸಮಾಧಾನ ಹೇಳಲಿಲ್ಲ. ಅಂತಹ ಕಲಂಗಳಲ್ಲಿ ಸುಳ್ಳು ತುಂಬಿದ ಪಾಪದಲ್ಲಿ ನನಗೂ ಪಾಲಿದೆ.

1990ರ ದಶಕದ ಮಾತು. ದವೆ ಸಮಿತಿಯ 1991ರ ವರದಿಯ ತರುವಾಯ ಕನಿಷ್ಠ ಕಲಿಕಾ ಮಟ್ಟಗಳು ನಮ್ಮಲ್ಲಿಗೂ ಬಂದಿದ್ದವು. ಪ್ರತಿ ಮಗುವಿನ ಹೆಸರಿನ ಮುಂದೆ ಸಾಮರ್ಥ್ಯದ ಸಂಖ್ಯೆ, ಅದರೆದುರು ಗುರುತು. ಐದನೆಯ ತರಗತಿಗೆ ಭಿನ್ನರಾಶಿ ಮುಗಿಸಿ ಕಿರುಪರೀಕ್ಷೆ ಕೊಟ್ಟೆ. ಅರ್ಧಕ್ಕೆ ಕಾಲನ್ನು ಕೂಡಿಸಿರೆಂದರೆ ಹೆಚ್ಚಿನವರು 2/6 ಎಂದು ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು! ಅರ್ಧಕ್ಕೆ ಏನನ್ನಾದರೂ ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದುಂಟೆ? ಆದರೆ ಮರುದಿನದ ಯೋಜನೆಯಲ್ಲಿ ದಶಮಾಂಶವಿತ್ತು, ಆ ವಾರವೇ ತನಿಖೆಯಿತ್ತು. ಎಲ್ಲರಿಗೂ ಗುರುತು ಹಾಕಿ ಮುಂದೆ ಹೋದೆ. ಬಂದವರು ದಾಖಲೆಗಳು ಅಚ್ಚುಕಟ್ಟಾಗಿವೆಯೆಂದು ಷರಾ ಬರೆದರು.

ಎರಡು ತಿಂಗಳ ಬಳಿಕ, ಮನಸ್ಸು ತಡೆಯದೆ, ಮನೆಯಿಂದ ಸೇರು, ಅಚ್ಚೇರು, ಪಾವುಗಳನ್ನು ತರಗತಿಗೆ ಹೊತ್ತೊಯ್ದೆ. (ಮನೆಯಾಕೆ ಅಂದು ಅಕ್ಕಿಯನ್ನು ಲೋಟದಲ್ಲಿ ಅಳೆದಳು.) ಅಚ್ಚೇರಿನ ಅಕ್ಕಿಯನ್ನು ಸೇರಿಗೆ ಸುರಿದು, ಮೇಲೆ ಒಂದು ಪಾವು ಹಾಕಿದೆ. "ಮುಕ್ಕಾಲು ಸೇರು ಸಾರ್" ಎಂದು ಹಿಂದಿನ ಸಾಲಿನವರೇ ಮೊದಲು ಕೂಗಿದರು. ಅಚ್ಚೇರೆಂದರೆ ಎರಡು ಪಾವು, ಇನ್ನೊಂದು ಸೇರಿ ಮೂರು ಪಾವು. ಛೇದಗಳನ್ನು ಸಮ ಮಾಡುವುದೆಂದರೆ ಇದೇ. ಒಂದು ಪೀರಿಯಡ್ಡಿನ ಕೆಲಸ. ಅಷ್ಟರಲ್ಲಿ ನನ್ನಿಂದ ಗುರುತು ಪಡೆದ ಇಬ್ಬರು ಹುಡುಗರು ಶಾಲೆಯನ್ನೇ ಬಿಟ್ಟಿದ್ದರು.

ಹಾಗೆಂದು ಮಾನದಂಡಗಳೇ ಬೇಡವೆನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಅವಿಲ್ಲದಿದ್ದರೆ ಬಡವರ ಮಕ್ಕಳಿಗೆ ಅರೆಬರೆ ಕಲಿಸಿ ಕೈತೊಳೆದುಕೊಳ್ಳುವುದು ಇನ್ನೂ ಸುಲಭ. ಎನ್‌ಸಿಇಆರ್‌ಟಿ 2017ರಲ್ಲಿ ಪ್ರಕಟಿಸಿದ ಕಲಿಕಾ ಫಲಗಳನ್ನು ಓದಿ ನೋಡಿ. ಅವು ತರಗತಿವಾರು ಇವೆಯೇ ಹೊರತು ಸೋಮವಾರಕ್ಕಿಷ್ಟು, ಮಂಗಳವಾರಕ್ಕಿಷ್ಟು ಎಂದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಪ್ರಕರಣವು ಪಠ್ಯಕ್ರಮವನ್ನು ನಿಗದಿತ ಕಾಲದಲ್ಲಿ ಮುಗಿಸುವುದು ಶಿಕ್ಷಕರ ಕರ್ತವ್ಯವೆನ್ನುತ್ತದೆ, ನಿಜ. ಅದರ ಮರುಸಾಲಿನಲ್ಲೇ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಷ್ಟು ಹೆಚ್ಚುವರಿ ಬೋಧನೆ ನೀಡಬೇಕೆಂದೂ ಇದೆ. ಮೊದಲನೆಯದನ್ನು ಕೇಳುವ ಅಧಿಕಾರಿಗಳನ್ನು ಬೇಕಾದಷ್ಟು ಕಂಡೆ. ಎರಡನೆಯದಕ್ಕೆ ಯೋಜನೆಯಲ್ಲಿ ದಿನವನ್ನು ಬಿಟ್ಟಿದ್ದೀರಾ ಎಂದು ನನ್ನ ಸೇವಾವಧಿಯಲ್ಲಿ ಒಬ್ಬರೂ ಕೇಳಲಿಲ್ಲ. ಪರೀಕ್ಷೆ ನಾಳಿನ ಪಾಠವನ್ನು ಬದಲಿಸದಿದ್ದರೆ ಅದನ್ನು ನಡೆಸುವುದಾದರೂ ಯಾರಿಗಾಗಿ, ಕಡತಕ್ಕಾಗಿಯೆ?

ಆಕೆಗೆ ಹೇಳಿದೆ: "ಯೋಜನೆಯಲ್ಲಿ ಕೆಂಪು ಶಾಯಿಯಿಂದಲೇ ಬರೆಯಮ್ಮ, ನಿನ್ನೆಯ ಪರೀಕ್ಷೆಯಲ್ಲಿ ಇಷ್ಟು ಮಕ್ಕಳಿಗೆ ಬರಲಿಲ್ಲ, ಆದ್ದರಿಂದ ಇಂದೂ ಇದೇ ಪಾಠ ಎಂದು. ಕೇಳಿದರೆ 24ನೆಯ ಪ್ರಕರಣ ತೋರಿಸು."

"ನೋಟೀಸು ಬಂದರೆ ನೀವೇ ಬಂದು ಮಾತನಾಡಬೇಕು ಸಾರ್" ಎಂದು ನಕ್ಕಳು.

ಬರುತ್ತೇನೆಂದು ಮಾತು ಕೊಟ್ಟಿದ್ದೇನೆ.